ಒದ್ದು ಬಾ

ನಾನು ಗಾಡಿ ತಗೊಂಡಿದ್ದು ನನ್ನ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಕುರುಗೋಡಿನ ಬೀದಿಯಲ್ಲಿ ಒಂದು ರೌಂಡು ಹೊಡೆಯುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬಳ್ಳಾರಿಯ ನಮ್ಮ ಓಣಿಯಲ್ಲಿ ಅದಕ್ಕೆ ಬೇರೆ ಬೇರೆ ಕಾರಣಗಳು ಓಡಾಡಿದವು. ಮಗಳ ಮದುವೆ ಮುಗಿಸಿ ತಲೆ ಕೆಟ್ಟಿದೆ ಎಂದರು ಕೆಲವರು. ಗಂಡನ ಮೇಲಿನ ಹಟಕ್ಕೆ ಎಂದರು ಇನ್ನು ಕೆಲವರು. ಹೆಂಗಸರು ಸ್ಕೂಟರ್ ಓಡಿಸಿದರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಐವತ್ತು ದಾಟಿದವಳು, ಸಂಜೆಯಾದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರುವವಳು, ಕ್ಲಚ್ಚು ಹಿಡಿದು ಗೇರು ಹಾಕುವ ಗಾಡಿ ತಂದರೆ ಊರಿನ ಬಾಯಿ ಸುಮ್ಮನಿರುವುದಿಲ್ಲ. ಸುಮ್ಮನಿರಲಿ ಎಂದು ನಾನೂ ಬಯಸಲಿಲ್ಲ. ನಾನು ಚಿಕ್ಕಂದಿನಿಂದಲೂ ಸ್ವಲ್ಪ ಮೊಂಡಿಯೇ.

ಗಾಡಿ ನನಗೆ ಹೊಸದೇನಲ್ಲ. ನಮ್ಮಪ್ಪ ರೂಪನಗುಡಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ದಿನಾ ಬಳ್ಳಾರಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆ, ಅಕ್ಕ ಮತ್ತು ನಾನು, ಇಬ್ಬರೇ. ಗಾಡಿ ಮನೆಯ ಪಕ್ಕದ ಸಂದಿಯಲ್ಲಿ ನಿಂತಿರುತ್ತಿತ್ತು. ಬೆಳಿಗ್ಗೆ ಅಪ್ಪ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಾ ಒಳಗಿನಿಂದಲೇ ನನಗೆ “ಒದ್ದು ಬಾ” ಎನ್ನುತ್ತಿದ್ದರು. ಕಿಕ್ಕನ್ನು ಒದ್ದು, ಇಂಜಿನ್ನು ಎಬ್ಬಿಸಿ, ಗಾಡಿಯನ್ನು ಬಾಗಿಲ ಮುಂದೆ ತಂದು ನಿಲ್ಲಿಸು ಎನ್ನುವ ಅಷ್ಟೂ ಮಾತು ಅವರ ಬಾಯಲ್ಲಿ ಅಷ್ಟಕ್ಕೇ ಮುಗಿಯುತ್ತಿತ್ತು. ಒದೆಯುವುದು ನನ್ನ ಕೆಲಸ, ಸಂದಿಯ ಬಾಗಿಲು ತೆರೆದು ಹಿಡಿಯುವುದು ಅಕ್ಕನ ಕೆಲಸ. ಓಡಿಸುವುದನ್ನೂ ಅಪ್ಪ ನನಗೇ ಕಲಿಸಿದರು. ಅಕ್ಕನಿಗೆ ಕಲಿಸಲು ಅವ್ವ ಬಿಡಲಿಲ್ಲ. ಮದುವೆಗೆ ಬಂದ ಹುಡುಗಿ, ಬಿದ್ದು ಕೈಕಾಲು ಮುರಿದುಕೊಂಡರೆ ಏನು ಗತಿ ಎಂದು ಅಡ್ಡ ನಿಂತಳು.

ಅಪ್ಪನ ಆ ಮಾತನ್ನು ನಾವಿಬ್ಬರೂ ಎಲ್ಲದಕ್ಕೂ ಬಳಸತೊಡಗಿದೆವು. ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತಾ ಕೂತ ಅಕ್ಕ, ಕೆಳಗೆ ಓದುತ್ತಿದ್ದ ನನಗೆ “ಒದ್ದು ಬಾ ಲೇ” ಎಂದರೆ, ಕೈಯಲ್ಲಿರುವುದನ್ನು ಬಿಟ್ಟು, ಹೇಗಿದ್ದೀಯೋ ಹಾಗೇ ಓಡಿ ಬಾ ಎಂದು ಅರ್ಥ. ಹೋಗಿ ನೋಡಿದರೆ ಪಕ್ಕದ ಮಾಳಿಗೆಯಲ್ಲಿ ಯಾರೋ ಜಗಳವಾಡುತ್ತಿರುತ್ತಿದ್ದರು, ಇಲ್ಲವೇ ಅವಳಿಗೆ ಸುಮ್ಮನೆ ಬೇಸರವಾಗಿರುತ್ತಿತ್ತು.

ಒಂದು ಭಾನುವಾರ ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಸಂಗನಕಲ್ಲಿನ ಗುಡ್ಡದವರೆಗೆ ಹೋಗಿ ಬಂದೆ. ಲಂಗವನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಎರಡೂ ಕಡೆ ಕಾಲು ಹಾಕಿ ಕೂತಿದ್ದಳು. ದಾರಿಯುದ್ದಕ್ಕೂ ನನ್ನ ಹೆಗಲು ಹಿಡಿದುಕೊಂಡು ನಗುತ್ತಲೇ ಇದ್ದಳು. ಮನೆಗೆ ಬಂದ ಮೇಲೆ ಗಾಡಿ ಓಡಿಸಿದ ನನ್ನನ್ನು ಬಿಟ್ಟು, ಹಾಗೆ ಕಾಲು ಹಾಕಿ ಕೂತದ್ದಕ್ಕೆ ಅವ್ವ ಅಕ್ಕನನ್ನು ಬೈದಳು. ಆ ವರ್ಷವೇ ಅವಳ ಮದುವೆಯಾಗಿ ಕುರುಗೋಡಿಗೆ ಹೋದಳು. ಅಪ್ಪ ನಿವೃತ್ತರಾದ ಮೇಲೆ ಗಾಡಿ ಮಾರಿದರು. ನನಗೂ ಮದುವೆಯಾಯಿತು. ಆಮೇಲೆ ನಾನು ಗಾಡಿ ಮುಟ್ಟಲಿಲ್ಲ. ಮುಟ್ಟಬೇಡ ಎಂದು ಯಾರೂ ಅನ್ನಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಅಷ್ಟು ಸುಲಭವಾಗಿ ಬಿಟ್ಟೆನಲ್ಲ ಎಂದು ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಕ್ಕನ ಗಂಡನ ಮನೆಯವರು ಮೂಲತಃ ಆಂಧ್ರದ ಗಡಿಯಾಚೆಯಿಂದ ಬಂದವರು. ಹೊರಗೆ ಕನ್ನಡ, ಒಳಗೆ ತೆಲುಗು. ಅಲ್ಲಿ ಸೇರಿದ ಕೆಲವು ವರ್ಷಕ್ಕೇ ಅಕ್ಕನ ಬಾಯಲ್ಲಿ ‘ಬ್ಯಾಡ’ ಹೋಗಿ ತೆಲುಗಿನ ‘ಒದ್ದು’ ಬಂದು ಕೂತಿತು. ತವರಿಗೆ ಬಂದಾಗ ಚಹಾ ಕೊಟ್ಟರೆ “ಒದ್ದು”, ಇನ್ನೊಂದು ರೊಟ್ಟಿ ಹಾಕಿದರೆ “ಒದ್ದು ಒದ್ದು”. “ಪಾಪ, ರೊಟ್ಟಿ ಏನು ಮಾಡೇತಿ, ಯಾಕ ಒದಿತೀ” ಎಂದು ನಾನು ಕಾಡಿಸುತ್ತಿದ್ದೆ. ಅವಳು ನಕ್ಕು ಮತ್ತೆ ಅದನ್ನೇ ಅನ್ನುತ್ತಿದ್ದಳು. ಕೊನೆಕೊನೆಗೆ ಕಾಡಿಸುವುದನ್ನೂ ಬಿಟ್ಟೆ. ಅಕ್ಕ ‘ಒದ್ದು’ ಎಂದರೆ ಬೇಡ ಎಂದು ಅಷ್ಟೇ, ನನ್ನ ಕಿವಿಗೂ ಅದು ರೂಢಿಯಾಗಿಹೋಯಿತು.

ಕಳೆದ ದೀಪಾವಳಿಯ ಹೊತ್ತಿಗೆ ಅಕ್ಕನಿಗೆ ದಮ್ಮು ಶುರುವಾಗಿತ್ತು. ಹೃದಯ ಸ್ವಲ್ಪ ಸೋತಿದೆ ಎಂದು ಬಳ್ಳಾರಿಯ ಡಾಕ್ಟರು ಗುಳಿಗೆ ಕೊಟ್ಟಿದ್ದರು. ನೋಡಲು ಹೋದಾಗ ಮನೆ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ಕಾಲೇಜಿನ ಹುಡುಗಿಯೊಬ್ಬಳು ಗೇರಿನ ಗಾಡಿಯಲ್ಲಿ ಗೆಳತಿಯನ್ನು ಕೂರಿಸಿಕೊಂಡು ಭರ್ರನೆ ಹೋದಳು. ಅಕ್ಕ ಆ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

“ನೀ ಈಗೂ ಓಡಸ್ತೀ ಏನಲೇ?”

“ಮರ್ತಿರಾಕಿಲ್ಲಕ್ಕ.”

“ಹಂಗಾರ ಒಂದು ಗಾಡಿ ತಾ. ನನ್ನ ಹಿಂದ ಕೂರಿಸ್ಕೊಂಡು ದೊಡ್ಡ ಬಸವಣ್ಣನ ಗುಡಿತನ ಒಂದ್ ರೌಂಡ್ ಹೊಡಿ. ಈ ಊರಿಗೆ ಬಂದಾಗಿಂದ ನಾ ತಲಿ ಬಗ್ಗಿಸ್ಕೊಂಡು ನಡದದ್ದನ್ನೇ ಎಲ್ಲಾರೂ ನೋಡ್ಯಾರ. ಒಂದ್ಸಲ ಗಾಳಿಗೆ ಮಾರಿ ಕೊಟ್ಟು ಹೋಗದನ್ನೂ ನೋಡ್ಲಿ.”

ಅವಳು ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಅಕ್ಕ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ತರುತ್ತೇನೆ ಎಂದು ಮಾತು ಕೊಟ್ಟೆ.

ಸಿರುಗುಪ್ಪದಲ್ಲಿ ಒಬ್ಬರು ತಮ್ಮ ಹಳೆಯ ಗಾಡಿ ಕೊಡುತ್ತಾರೆ ಎಂದು ನನ್ನ ಗಂಡನೇ ಪತ್ತೆ ಮಾಡಿದ. “ನೀ ಬಿದ್ರ ನಾ ಎತ್ತಾಂವಲ್ಲ” ಎನ್ನುತ್ತಲೇ ಬಸ್ಸಿನಲ್ಲಿ ನನ್ನ ಜೊತೆ ಬಂದ. ಭತ್ತದ ಗದ್ದೆಗೆ ಹೋಗಿ ಬರಲು ಬಳಸಿದ ಗಾಡಿ ಅದು. ಇಂಜಿನ್ನು ಗಟ್ಟಿ, ಮೇಲಿನ ಅವತಾರ ನೋಡುವಂತಿರಲಿಲ್ಲ. ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು, ಟ್ಯಾಂಕಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಸ್ಟಿಕ್ಕರು, ಹಿಂದಿನ ಮಡ್‌ಗಾರ್ಡಿನಲ್ಲಿ ‘ಹತ್ತಿರ ಬಂದರೆ ಹುಷಾರ್’ ಎಂಬ ಬರಹ. ಸೆಲ್ಫ್ ಸತ್ತಿತ್ತು. ಕಿಕ್ಕೇ ಗತಿ. ಮಾರುವವರು ನನ್ನ ಗಂಡನ ಕೈಗೆ ಚಾವಿ ಕೊಡಲು ಬಂದರು. ಅವನು ಗದ್ದ ಎತ್ತಿ ನನ್ನ ಕಡೆ ತೋರಿಸಿದ. ಮೊದಲನೇ ಒದೆತಕ್ಕೆ ಗಾಡಿ ಕೆಮ್ಮಿತು, ಆಮೇಲೆ ಎದ್ದಿತು. ನನ್ನ ಎದೆಯೊಳಗೆ ಏನಾಯಿತು ಎಂದು ಹೇಳಿದರೆ ನಗುತ್ತೀರಿ. ಅಪ್ಪನ ಬೂಟಿನ ಸದ್ದು ಕೇಳಿದ ಹಾಗಾಯಿತು.

ಗಂಡ ಬಸ್ಸಿನಲ್ಲಿ, ನಾನು ಗಾಡಿಯಲ್ಲಿ ಬಳ್ಳಾರಿಗೆ ಹೊರಟೆವು. ಊರು ದಾಟುವವರೆಗೆ ಗೇರು ಬದಲಿಸುವಾಗಲೆಲ್ಲ ಗಾಡಿ ಜಿಗಿಯುತ್ತಿತ್ತು. ತೆಕ್ಕಲಕೋಟೆಯ ಹತ್ತಿರ ಕಾಲಿಗೆ ಹಳೆಯ ರೂಢಿ ಬಂತು. ಎರಡೂ ಕಡೆ ನೀರು ಕಟ್ಟಿದ ಗದ್ದೆ, ಹಸಿ ಮಣ್ಣಿನ ವಾಸನೆ, ಹೆಲ್ಮೆಟ್ಟಿನೊಳಗೆ ನನ್ನದೇ ಹಾಡು. ಮುಂದೆ ಕುರುಗೋಡಿಗೆ ತಿರುಗುವ ರಸ್ತೆ ಬಂತು.

ಅಲ್ಲಿ ಗಾಡಿ ನಿಲ್ಲಿಸಿದೆ. ತಿರುಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅಕ್ಕನ ಮನೆ ಮುಂದೆ ಇರುತ್ತಿದ್ದೆ. ಇಳಿದು ಸೀಟು ನೋಡಿದೆ. ಈ ಹರಕು ಸೀಟಿನ ಮೇಲೆ, ಈ ಹದ್ದಿನ ಹಿಂದೆ, ಅಕ್ಕನನ್ನು ಊರ ತುಂಬ ಮೆರೆಸುವುದೇ ಎನಿಸಿತು. ಸ್ವಲ್ಪ ರಿಪೇರಿ ಮಾಡಿಸಿಕೊಂಡು ಬರೋಣ ಎಂದು ನೇರವಾಗಿ ಬಳ್ಳಾರಿಗೆ ಬಂದುಬಿಟ್ಟೆ. ಆ ತಿರುವು ಈಗ ಬಸ್ಸಿನಲ್ಲಿ ಹೋಗುವಾಗ ಬಂದರೂ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ.

ರಾತ್ರಿ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸೆಲ್ಫ್ ಇಲ್ಲ, ಅಪ್ಪನ ಗಾಡಿಯ ಹಾಗೆ ಒದ್ದೇ ಎಬ್ಬಿಸಬೇಕು ಎಂದದ್ದಕ್ಕೆ ಅಕ್ಕ ದಮ್ಮು ಹತ್ತುವವರೆಗೆ ನಕ್ಕಳು.

ಆಮೇಲೆ ಶುರುವಾಯಿತು ನನ್ನ ಸಿಂಗಾರ. ನನಗೊಂದು ರೋಗ ಇದೆ. ಮನೆಯ ಮೇಲಿನ ಮಹಡಿಯಲ್ಲಿ ನಾನು ಜೀನ್ಸ್ ಹೊಲಿಸುವ ಸಣ್ಣ ಯೂನಿಟ್ ನಡೆಸುತ್ತೇನೆ. ನಮ್ಮ ಕೆಲಸದಲ್ಲಿ ಹೊಲಿಗೆ ಒಂದು ಎಳೆ ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯಬೇಕು. ಆ ಬಿಚ್ಚುವ ಚಟ ನನ್ನ ಕೈಗೆ ಅಂಟಿಬಿಟ್ಟಿದೆ. ಹದ್ದನ್ನು ಸೀಮೆಎಣ್ಣೆ ಹಚ್ಚಿ ಉಗುರಿನಿಂದ ಕೆರೆದು ತೆಗೆದೆ. ಟ್ಯಾಂಕಿಗೆ ನೇರಳೆ ಹಣ್ಣಿನ ಬಣ್ಣ ಹೊಡೆಸಿದೆ, ಅಪ್ಪನ ಗಾಡಿಯ ಬಣ್ಣ ಅದೇ. ಬಂದ ಬಣ್ಣ ಅಪ್ಪನದಕ್ಕಿಂತ ಒಂದು ಛಾಯೆ ಕೆಂಪಾಯಿತು ಎನಿಸಿ ಮತ್ತೆ ಹೊಡೆಸಿದೆ. ಅಕ್ಕ ಒಂದೇ ಕಡೆ ಕಾಲು ಇಳಿಬಿಟ್ಟು ಕೂರಲು ಅನುಕೂಲವಾಗಲಿ ಎಂದು ಅಗಲವಾದ ಕಾಲುಪಟ್ಟಿ, ಸೆರಗು ಚಕ್ರಕ್ಕೆ ಸಿಗದಂತೆ ಸೀರೆ ಗಾರ್ಡು, ಹಿಡಿದುಕೊಳ್ಳಲು ಹಿಂದೆ ಒಂದು ಕಂಬಿ. ಆ ಗಾರ್ಡು ಹೊಸ ಗಾಡಿಗಳಿಗೆ ಸಿಗುವ ನಮೂನೆಯದು, ಇದಕ್ಕೆ ಕೂರಲಿಲ್ಲ. ಬೆಸುಗೆ ಅಂಗಡಿಯಲ್ಲಿ ಬೇರೆ ಮಾಡಿಸಿದೆ. ಸೀಟಿಗೆ ನಮ್ಮದೇ ದಪ್ಪ ಜೀನ್ಸ್ ಬಟ್ಟೆ, ಅದರ ಮೇಲೆ ಕಿತ್ತಳೆ ದಾರದ ಜೋಡಿ ಹೊಲಿಗೆ, ಅಕ್ಕ ಕೂರುವ ಕಡೆ ಒಳಗೆ ಮೆತ್ತನೆಯ ಇನ್ನೊಂದು ಪದರ.

“ಗಾಡಿ ಓಡ್ತೈತಿ ಅಕ್ಕಾ, ಇನ್ನೇನು ಮಾಡದೈತ್ರಿ?” ಎಂದು ಮೆಕ್ಯಾನಿಕ್ ಕೇಳಿದ. ಅವನಿಗೆ ಅವನ ಅಂಗಡಿಯಲ್ಲಿ ಜಾಗ ಬೇಕಿತ್ತು, ಅಷ್ಟೇ. “ಮದುವಿ ಕುದರಿ ಆತು ನೋಡು, ಬಾಸಿಂಗ ಒಂದು ಕಟ್ಟು” ಎಂದ ನನ್ನ ಗಂಡ. ನಾನು ಇಬ್ಬರ ಮಾತಿಗೂ ಸೊಪ್ಪು ಹಾಕಲಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ತುಂಬ ಸುಖವಾಗಿದ್ದೆ. ಅಕ್ಕನಿಗಾಗಿ ಮಾಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಅಕ್ಕನನ್ನು ನೋಡಲು ಹೋಗುವುದನ್ನೇ ಮುಂದೂಡುತ್ತಿದ್ದೆ. ಹೋದರೆ ಗಾಡಿಯಲ್ಲೇ ಹೋಗಬೇಕು, ಗಾಡಿ ತಯಾರಾಗಿಲ್ಲ. ಹೀಗೆ ವಾರಗಳು ಹೋದವು.

ಒಂದು ದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ನಾನು ಮಹಡಿಯ ಮೇಲೆ ಸೀಟಿನ ಕವರು ಬಿಚ್ಚಿಕೊಂಡು ಕೂತಿದ್ದೆ. ಮೂಲೆಯ ಹೊಲಿಗೆ ನನಗೆ ಸರಿಬಂದಿರಲಿಲ್ಲ. ಸುತ್ತ ಎಲ್ಲ ಮಿಷಿನ್ನುಗಳೂ ಓಡುತ್ತಿದ್ದವು.

“ಗಾಡಿ ಏನಾತಲೇ?” ಧ್ವನಿ ಸಣ್ಣಗಿತ್ತು.

“ಎಲ್ಲಾ ಆಗೇತಕ್ಕ, ಸೀಟು ಒಂದು ಉಳದೈತಿ. ಇವತ್ತು ಹಳೇ ಸೀಟಿನ ಮ್ಯಾಲೇ ಬರ್ಲೇನು?”

“ಒದ್ದು…” ಎಂದಳು. ಹಿಂದೆಯೇ ಇನ್ನೇನೋ ಅಂದಳು, ಮಿಷಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

ಬೇಡ ಅಂದಳು ಎಂದುಕೊಂಡೆ. ಹಳೆಯ ಸೀಟು ಬೇಡ, ಚೆಂದ ಮಾಡಿಕೊಂಡೇ ಬಾ ಅನ್ನುತ್ತಿದ್ದಾಳೆ ಎಂದು ಒಳಗೊಳಗೇ ಖುಷಿಯೂ ಆಯಿತು. “ಆತಕ್ಕ, ಆತು” ಎಂದೆ. ಫೋನು ಇಟ್ಟು ಮತ್ತೆ ದಾರ ಬಿಚ್ಚತೊಡಗಿದೆ. ಇನ್ನೊಂದು ಸಲ ಏನಂದೆ ಅಕ್ಕ ಎಂದು ಕೇಳಬಹುದಿತ್ತು. ಎದ್ದು ಮೆಟ್ಟಿಲಿಗೆ ಬಂದು ಮಾತಾಡಬಹುದಿತ್ತು. ಕೈಯಲ್ಲಿ ಕವರಿತ್ತು, ಏಳಲಿಲ್ಲ.

ಸೀಟು ಆ ವಾರವೇ ಮುಗಿಯಿತು. ಹೊಸ ಬ್ಯಾಟರಿ ಹಾಕಿಸಿದೆ, ಸೆಲ್ಫ್ ಕೂಡ ಜೀವ ಹಿಡಿಯಿತು. ಸೋಮವಾರ ಒಳ್ಳೆಯ ದಿನ, ಅವತ್ತೇ ಹೋಗೋಣ ಎಂದು ಹೊಸ ಸೀಟಿನ ಮೇಲೆ ಧೂಳು ಕೂರದಂತೆ ಹಳೆಯ ಸೀರೆ ಹೊದಿಸಿಟ್ಟೆ. ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುವಾಗ ಭಾವನವರ ಫೋನು ಬಂತು. ಅಕ್ಕ ಎದ್ದು ನೀರು ಕೇಳಿದಳಂತೆ, ತಂದುಕೊಡುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಗಂಡ ಯಾರದೋ ಕಾರು ತಂದ. ಹೊರಗೆ ಬಂದಾಗ ಸೀರೆ ಹೊದ್ದ ಗಾಡಿ ಬಾಗಿಲಲ್ಲೇ ನಿಂತಿತ್ತು. ನಾನು ಅದನ್ನು ದಾಟಿಕೊಂಡು ಹೋಗಿ ಕಾರು ಹತ್ತಿದೆ.

ಕಾರ್ಯಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ, ಒಂದು ದಿನ ಗಾಡಿಯಲ್ಲೇ ಕುರುಗೋಡಿಗೆ ಹೋದೆ. ಯಾಕೆ ಹೋದೆನೋ ಸರಿಯಾಗಿ ಗೊತ್ತಿಲ್ಲ. ಮಾತು ಕೊಟ್ಟಿದ್ದೆನಲ್ಲ, ಗಾಡಿಯಾದರೂ ಅವಳ ಬಾಗಿಲಿಗೆ ಹೋಗಿ ಬರಲಿ ಎನಿಸಿತ್ತು. ಭಾವ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಗಾಡಿಯನ್ನು ಹಿಂದೆ ಮುಂದೆ ನೋಡಿದರು. ಕಾಲುಪಟ್ಟಿ, ಸೀರೆ ಗಾರ್ಡು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಬಂದು ಕೂತು ಕೇಳಿದರು:

“ಅವತ್ತು ಯಾಕ ಬರ್ಲಿಲ್ಲಮ್ಮ ನೀನು?”

“ಯಾವತ್ತರೀ?”

“ಆಕಿ ಫೋನ್ ಮಾಡಿದ ದಿನ. ಒದ್ದು ಬಾ ಅಂದೀನಿ, ಆತು ಅಂದಾಳ, ಇನ್ನೇನು ಬರ್ತಾಳ ಅಂತಂದು ತಯಾರಾಗಿ ಕುಂತಳು. ಸೊಸಿದೊಂದು ಚೂಡಿದಾರ ಇಸ್ಕೊಂಡು ಹಾಕ್ಕೊಂಡಿದ್ಲು, ಎರಡೂ ಕಡಿ ಕಾಲು ಹಾಕಿ ಕೂರ್ತೀನಿ ಅಂತ. ನಾನೂ ಕೇಳಿದೆ, ಒದ್ದು ಅಂತ ನೀನೇ ಅಂದಮ್ಯಾಲ ಆಕಿ ಹೆಂಗ ಬರ್ತಾಳ ಅಂತ. ನಕ್ಕುಬಿಟ್ಲು. ಇದು ನಿಮ್ಮ ತೆಲುಗು ಒದ್ದು ಅಲ್ಲ, ನಮ್ಮಪ್ಪ ಅಂತಿದ್ದ ಒದ್ದು, ನನ್ನ ತಂಗಿಗೆ ಗೊತ್ತಾಗ್ತೈತಿ ಅಂದ್ಲು.”

ಭಾವ ಬೈಯುವ ಧ್ವನಿಯಲ್ಲಿ ಕೇಳಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

“ದೀಪ ಹಚ್ಚೋತನ ಇಲ್ಲೇ ಕುಂತಿದ್ಲು. ಮತ್ತ ಫೋನ್ ಮಾಡು ಅಂದ್ರ, ಒದ್ದು, ಆಕಿಗೆ ಏನೋ ಕೆಲಸ ಬಂದಿರ್ತೈತಿ ಅಂದ್ಲು,” ಎಂದರು. ಆ ‘ಒದ್ದು’ ಅವರ ಮನೆಯದು. ಅದು ನನಗೆ ತಟ್ಟನೆ ಅರ್ಥವಾಯಿತು.

ಬೇರೆ ಯಾರಿಗಾದರೂ ಇಂಥ ತಪ್ಪು ಆಗುತ್ತಿರಲಿಲ್ಲ. ತೆಲುಗು ಗೊತ್ತಿಲ್ಲದವರು ಯಾಕೆ ಒದೆಯಬೇಕು ಎಂದು ತಿರುಗಿ ಕೇಳುತ್ತಿದ್ದರು. ಅಪ್ಪನ ಮನೆಯಲ್ಲಿ ಬೆಳೆಯದವರಿಗೆ ಅವಳು ಹಾಗೆ ಹೇಳುತ್ತಲೇ ಇರಲಿಲ್ಲ. ಎರಡೂ ಬಲ್ಲವಳು ನಾನೊಬ್ಬಳೇ, ಅದಕ್ಕೇ ಅವಳು ನನ್ನನ್ನು ನಂಬಿದಳು. ಮಾಳಿಗೆಯ ಮೇಲಿಂದ ಕರೆದಾಗ ಓಡಿ ಹೋಗುತ್ತಿದ್ದ ನನಗೆ, ಫೋನಿನಲ್ಲಿ ಕರೆದಾಗ ಕೇಳಿಸಲಿಲ್ಲ. ಕೈಯಲ್ಲಿರುವುದನ್ನು ಬಿಟ್ಟು ಹೇಗಿದ್ದೀಯೋ ಹಾಗೇ ಬಾ ಎಂದು ಅವಳು ಅನ್ನುತ್ತಿದ್ದಳು. ನನ್ನ ಕೈಯಲ್ಲಿ ಅವಳದೇ ಸೀಟಿನ ಕವರಿತ್ತು. ಚೂಡಿದಾರ ಹಾಕಿಕೊಂಡು ಕೂರುವವಳಿಗೆ ಸೀರೆ ಗಾರ್ಡು ಮಾಡಿಸಲು ನಾನು ಬೆಸುಗೆ ಅಂಗಡಿಯ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ.

ಹೊರಡಲು ಎದ್ದೆ. ಗುಂಡಿ ಒತ್ತಿದರೆ ಸಾಕಿತ್ತು. ನಾನು ಕಿಕ್ಕಿನ ಮೇಲೆ ಕಾಲಿಟ್ಟೆ.

“ಒದ್ದಮ್ಮಾ, ಒದ್ದು. ಮಳಕಾಲು ನೋವು ಅಂತೀದಿ, ಸೆಲ್ಫ್ ಐತಲ್ಲ” ಎಂದರು ಭಾವ.

ಒದ್ದೆ. ಗಾಡಿ ಎದ್ದಿತು. ದೊಡ್ಡ ಬಸವಣ್ಣನ ಗುಡಿಯವರೆಗೆ ಹೋಗಿ, ಅಲ್ಲಿ ಇಳಿಯದೆ ತಿರುಗಿಸಿಕೊಂಡು, ಅಕ್ಕನ ಓಣಿಯಲ್ಲೇ ವಾಪಸ್ಸು ಬಂದೆ. ಜನ ನೋಡಿದರು. ಅಕ್ಕ ಬಯಸಿದ ಹಾಗೇ ನೋಡಿದರು. ಓಣಿಯ ಕೊನೆಯಲ್ಲಿ ಬಾಗಿಲ ಮುಂದೆ ಅಕ್ಕಿ ಆರಿಸುತ್ತಿದ್ದ ಒಬ್ಬ ಮುದುಕಿ ಕೈ ಅಡ್ಡ ಹಿಡಿದಳು. ನಿಲ್ಲಿಸಿದೆ.

“ನಿಮ್ಮಕ್ಕ ಹೇಳ್ತಿದ್ದ ಗಾಡಿ ಇದೇನವ್ವಾ?”

“ಹೌದ್ರಿ, ಇದೇ.”

“ತಂಗಿ ಬಂದು ಕರ್ಕೊಂಡು ಹೋಗ್ತಾಳ ಅಂತ ಓಣಿಗೆಲ್ಲ ಹೇಳಿದ್ಲು,” ಎಂದು ಮುದುಕಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೀಟಿನ ಹಿಂಬದಿಯನ್ನು ಮೆಲ್ಲಗೆ ಸವರಿದಳು. “ಸೀಟು ಭಾಳ ಚಂದ ಮಾಡಿಸೀದಿ ಬಿಡು.”

ಅಲ್ಲಿ ಇನ್ನೂ ಯಾರೂ ಕೂತಿರಲಿಲ್ಲ.